ಕೆಟ್ಟು ನಿಂತ ಡೀಸೆಲ್ ಪಿಕಪ್: ದೋಷ ಹುಡುಕುವ ಬಗೆ



ಬೆಳಗಿನ ಜಾವ ಕೋಲಾರದ ಎ.ಪಿ.ಎಂ.ಸಿ. ಅಂಗಳಕ್ಕೆ ಹೋದರೆ ನಿಮಗೆ ಟೊಮೆಟೊಗಿಂತ ಮೊದಲು ಕಾಣುವುದು ಟೊಮೆಟೊ ಹೊತ್ತು ತಂದ ಪಿಕಪ್ ಗಾಡಿಗಳು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿಯೂ ಇದೇ ನೋಟ. ಹೊಲಕ್ಕೂ ಹರಾಜುಕಟ್ಟೆಗೂ ನಡುವೆ ಇರುವ ಕೊಂಡಿ ಈ ಪುಟ್ಟ ಡೀಸೆಲ್ ವಾಹನಗಳೇ. ಇಂಥ ಗಾಡಿಯೊಂದು ಸರಕು ತುಂಬಿಕೊಂಡು ನಡುದಾರಿಯಲ್ಲಿ ನಿಂತುಬಿಟ್ಟರೆ ಹರಾಜು ಅದಕ್ಕಾಗಿ ಕಾಯುವುದಿಲ್ಲ. ಗಾಡಿಯ ಸಾಲದ ಕಂತೂ ಕಾಯುವುದಿಲ್ಲ. ಆ ಗಾಬರಿಯಲ್ಲಿ ನಡೆಯುವುದೇನೆಂದರೆ ಒಂದರ ಹಿಂದೊಂದು ಬಿಡಿಭಾಗ ಬದಲಾಯಿಸುವ ಕೆಲಸ. ಹೊಸ ಬ್ಯಾಟರಿ ಹಾಕಿದ್ದಾಯಿತು, ಗಾಡಿ ಹೊರಡಲಿಲ್ಲ. ಸೆಲ್ಫ್ ಮೋಟಾರು ಬಿಚ್ಚಿ ಕಟ್ಟಿದ್ದಾಯಿತು, ಆಗಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಎಂಜಿನ್ನಿಗೂ ಚಾಸಿಗೂ ನಡುವಿನ ತುಕ್ಕು ಹಿಡಿದ ಒಂದು ಅರ್ತ್ ಪಟ್ಟಿ! ಸಾವಿರಾರು ರೂಪಾಯಿ ಹೋಯಿತು, ಜೊತೆಗೆ ಒಂದು ಲೋಡು ಟೊಮೆಟೊ ಕೊಳೆಯಿತು.

ದೋಷ ಸರಿಪಡಿಸುವುದಕ್ಕೆ ಸ್ಪ್ಯಾನರು ಬೇಕು, ನುರಿತ ಕೈ ಬೇಕು. ಆದರೆ ದೋಷ ಎಲ್ಲಿದೆ ಎಂದು ಹುಡುಕುವುದಕ್ಕೆ ಬೇಕಾದದ್ದು ಬಹುಪಾಲು ನೀವು ತರಗತಿಯಲ್ಲಿ ಓದಿದ ವಿಷಯವೇ. ಅನಿಲವನ್ನು ಒತ್ತಿದರೆ ಬಿಸಿಯಾಗುತ್ತದೆ ಎಂಬುದು ಒಂದು. ಓಮನ ನಿಯಮ ಇನ್ನೊಂದು. ಇವೆರಡನ್ನೂ ಹಿಡಿದುಕೊಂಡು ಗಾಡಿಯ ಬಾನೆಟ್ಟಿನ ಕೆಳಗೆ ಇಣುಕೋಣ ಬನ್ನಿ. ಕೈಯಲ್ಲೊಂದು ಪೆನ್ಸಿಲ್ ಇರಲಿ. ನಡುವೆ ಸಣ್ಣ ಲೆಕ್ಕಗಳಿವೆ.

ಸೈಕಲ್ಲಿಗೆ ಗಾಳಿ ಹೊಡೆದಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವೆಲ್ಲ ಮುಟ್ಟಿ ನೋಡಿದ್ದೀರಿ. ಡೀಸೆಲ್ ಎಂಜಿನ್ ಬದುಕಿರುವುದು ಆ ಬಿಸಿಯ ಮೇಲೆಯೇ. ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್ 1893ರಲ್ಲಿ ಇದಕ್ಕೆ ಪೇಟೆಂಟ್ ಪಡೆದ; 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಅವನ ಎಂಜಿನ್ ಯಶಸ್ವಿಯಾಗಿ ಪರೀಕ್ಷೆಗೊಳಗಾಯಿತು. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದಿಲ್ಲ. ಪಿಸ್ಟನ್, ಅಂದರೆ ನಿಮ್ಮ ಪಠ್ಯಪುಸ್ತಕದ ಕೊಂತ, ಗಾಳಿಯನ್ನು ಅದರ ಮೂಲ ಗಾತ್ರದ ಸುಮಾರು 16ರಿಂದ 22ರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಆಗ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕುದಿಗಾಳಿಯೊಳಕ್ಕೆ ನಾಝಲ್ ಡೀಸೆಲನ್ನು ಮಂಜಿನ ಹಾಗೆ ಚಿಮುಕಿಸಿದಾಗ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಹಾಗಾದರೆ ಡೀಸೆಲ್ ಎಂಜಿನ್ ಚಾಲೂ ಆಗಲು ಏನೇನು ಬೇಕು? ಗಾಳಿ ಬೇಕು, ಅದು ಸೋರದಂತೆ ಗಟ್ಟಿಯಾಗಿ ಒತ್ತಬೇಕು, ಸರಿಯಾದ ಕ್ಷಣದಲ್ಲಿ ಸಣ್ಣ ಹನಿಗಳಾಗಿ ಇಂಧನ ಬೀಳಬೇಕು. ಇವಲ್ಲದೆ ಜನ ಮರೆಯುವ ಇನ್ನೊಂದಿದೆ, ಅದು ವೇಗ. ಸೆಲ್ಫ್ ಮೋಟಾರು ಎಂಜಿನ್ನನ್ನು ನಿಮಿಷಕ್ಕೆ ನೂರರಿಂದ ಇನ್ನೂರು ಸುತ್ತಾದರೂ ತಿರುಗಿಸಬೇಕು. ನಿಧಾನವಾಗಿ ತಿರುಗಿಸಿದರೆ ಒತ್ತಿದ ಗಾಳಿ ರಿಂಗುಗಳ ಸಂದಿಯಿಂದ ನುಸುಳಿಹೋಗುತ್ತದೆ. ಉಳಿದ ಬಿಸಿಯನ್ನು ಸಿಲಿಂಡರಿನ ತಣ್ಣನೆಯ ಗೋಡೆ ಹೀರಿಕೊಳ್ಳುತ್ತದೆ. ಅಂದರೆ ದೋಷ ಬ್ಯಾಟರಿಯಲ್ಲಿದ್ದರೂ ಲಕ್ಷಣ ಎಂಜಿನ್ನಿನಲ್ಲಿ ಕಾಣಿಸಬಹುದು. 'ಎಂಜಿನ್ ಕೆಲಸಕ್ಕೆ ಬಂದಿದೆ' ಎಂದು ಬಿಚ್ಚುವ ಮೊದಲು ಬ್ಯಾಟರಿಯನ್ನು ನೋಡಬೇಕೆಂದು ಅನುಭವಿಗಳು ಹೇಳುವುದು ಇದಕ್ಕೇ.

ಈಗ ಕೆಟ್ಟು ನಿಂತ ಗಾಡಿಯ ಮುಂದೆ ನೀವು ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಕೇಳಬೇಕಾದ ಮೊದಲ ಪ್ರಶ್ನೆ: ಕೀಲಿ ತಿರುಗಿಸಿದಾಗ ಎಂಜಿನ್ ತಿರುಗುತ್ತದೆಯೇ? ಉತ್ತರ 'ಇಲ್ಲ' ಎಂದಾದರೆ ಡೀಸೆಲ್ ಪಂಪಿನ ಕಡೆ ನೋಡುವ ಅಗತ್ಯವೇ ಇಲ್ಲ. ಒಂದೇ ಪ್ರಶ್ನೆಗೆ ಗಾಡಿಯ ಅರ್ಧ ಭಾಗ ನಿಮ್ಮ ಪಟ್ಟಿಯಿಂದ ಹೊರಗೆ ಹೋಯಿತು.

ತಿರುಗದಿದ್ದರೆ ಹೆಡ್‌ಲೈಟ್ ಹಾಕಿ, ಒಬ್ಬರನ್ನು ಮುಂದೆ ನಿಲ್ಲಿಸಿ ಕೀಲಿ ತಿರುಗಿಸಿ. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಮೋಟಾರು ಅಥವಾ ಎಂಜಿನ್ ಜಾಮ್ ಆಗಿ ಅತಿಯಾದ ವಿದ್ಯುತ್ತನ್ನು ಎಳೆಯುತ್ತಿದೆ. ದೀಪ ಚಕ್ಕನೆ ಆರಿಹೋದರೆ ಬ್ಯಾಟರಿಯ ತುದಿಯಲ್ಲೇ ಹಿಡಿತ ಸಡಿಲ. ದೀಪ ಕಿಂಚಿತ್ತೂ ಮಂಕಾಗದೆ ಮೊದಲಿನಂತೆಯೇ ಉರಿಯುತ್ತಿದ್ದರೆ? ಮೋಟಾರಿಗೆ ವಿದ್ಯುತ್ತೇ ಹೋಗುತ್ತಿಲ್ಲ ಎಂದರ್ಥ. ಕೀಲಿಯ ಸ್ವಿಚ್ಚು, ರಿಲೇ, ಸಾಲಿನಾಯ್ಡಿಗೆ ಹೋಗುವ ಸಣ್ಣ ತಂತಿ ಇವನ್ನು ನೋಡಬೇಕು. ಯಾವ ಉಪಕರಣವೂ ಇಲ್ಲದೆ ಅರ್ಧ ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆ ನನಗೆ ಬಹಳ ಇಷ್ಟವಾದದ್ದು.

ಇನ್ನು 'ಹಾರನ್ ಜೋರಾಗಿ ಬರುತ್ತೆ, ಲೈಟು ಚೆನ್ನಾಗಿದೆ, ಆದರೆ ಸೆಲ್ಫ್ ಮಾತ್ರ ಟಕ್ ಅಂದು ಸುಮ್ಮನಾಗುತ್ತೆ' ಎಂಬ ದೂರು. ಮೋಟಾರೇ ಕೆಟ್ಟಿದೆ ಎಂದು ಯಾರಿಗಾದರೂ ಅನಿಸುತ್ತದೆ. ಪೆನ್ಸಿಲ್ ತೆಗೆದುಕೊಳ್ಳಿ. ಬ್ಯಾಟರಿಯ ತುದಿಯಲ್ಲಿ ಬಿಳಿ-ಹಸಿರು ಪುಡಿ ಕಟ್ಟಿಕೊಂಡು 0.02 ಓಮಿನಷ್ಟು ರೋಧ ಹುಟ್ಟಿದೆ ಎನ್ನೋಣ. ಹಾರನ್ನು ಸುಮಾರು 5 ಆಂಪಿಯರ್ ಎಳೆಯುತ್ತದೆ. 5ನ್ನು 0.02ರಿಂದ ಗುಣಿಸಿದರೆ 0.1 ವೋಲ್ಟ್. ಹನ್ನೆರಡು ವೋಲ್ಟಿನಲ್ಲಿ ಇಷ್ಟು ಕಳೆದುಹೋದರೆ ಹಾರನ್ನಿಗೆ ಗೊತ್ತೂ ಆಗುವುದಿಲ್ಲ. ಆದರೆ ಸೆಲ್ಫ್ ಮೋಟಾರಿಗೆ 250 ಆಂಪಿಯರ್ ಬೇಕು. 250ನ್ನು 0.02ರಿಂದ ಗುಣಿಸಿ, 5 ವೋಲ್ಟ್! ಅಷ್ಟು ಆ ಪುಡಿಯಲ್ಲೇ ಕಳೆದುಹೋಗಬೇಕಾದರೆ ಮೋಟಾರಿಗೆ ಉಳಿಯುವುದೇನು? ನಿಜದಲ್ಲಿ ಆಗ 250 ಆಂಪಿಯರ್ ಹರಿಯಲು ಸಾಧ್ಯವೇ ಆಗದೆ ಮೋಟಾರು 'ಟಕ್' ಎಂದು ಕೈಚೆಲ್ಲುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಈ 0.02 ಓಮನ್ನು ಸಾಮಾನ್ಯ ಮಲ್ಟಿಮೀಟರಿನ ಓಮ್ ಗುರುತಿನಲ್ಲಿಟ್ಟು ಅಳೆಯಲು ಹೋದರೆ ಸಿಗುವುದಿಲ್ಲ. ಮೀಟರಿನ ತಂತಿಗಳ ರೋಧವೇ ಅದಕ್ಕಿಂತ ಹೆಚ್ಚಿರುತ್ತದೆ. 'ತಂತಿ ಚೆನ್ನಾಗಿದೆ' ಎಂದು ಮೀಟರು ಸುಳ್ಳು ಹೇಳುತ್ತದೆ. ಆದ್ದರಿಂದ ಹೊರೆ ಬಿದ್ದಾಗಲೇ ಅಳೆಯಬೇಕು. ಮೀಟರನ್ನು ವೋಲ್ಟ್ ಗುರುತಿನಲ್ಲಿಟ್ಟು, ಒಂದು ಮೊನೆಯನ್ನು ಬ್ಯಾಟರಿಯ ಋಣ ಕಂಬದ ಮೇಲೆ, ಇನ್ನೊಂದನ್ನು ಎಂಜಿನ್ನಿನ ಶುಭ್ರವಾದ ಲೋಹದ ಮೇಲೆ ಹಿಡಿದು ಸೆಲ್ಫ್ ಹೊಡೆಸಿ. ಮೀಟರು 0.2 ವೋಲ್ಟಿನ ಒಳಗಿದ್ದರೆ ಅರ್ತ್ ಸರಿಯಿದೆ. ಒಂದೆರಡು ವೋಲ್ಟ್ ತೋರಿಸಿದರೆ ನೀವು ಹುಡುಕುತ್ತಿದ್ದದ್ದು ಸಿಕ್ಕಿತು. ಹಾಗೆಯೇ ಧನ ಕಂಬದಿಂದ ಮೋಟಾರಿನ ದಪ್ಪ ಬೋಲ್ಟಿನವರೆಗೂ ಅಳೆಯಿರಿ. ಅಲ್ಲಿ ಅರ್ಧ ವೋಲ್ಟಿನವರೆಗೆ ಕ್ಷಮಿಸಬಹುದು. ಮೀಟರೇ ಇಲ್ಲದಿದ್ದರೆ ಸೆಲ್ಫ್ ಹೊಡೆದ ಮೇಲೆ ಜೋಡಣೆಗಳ ಹತ್ತಿರ ಹುಷಾರಾಗಿ ಕೈ ತನ್ನಿ. 150 ಆಂಪಿಯರ್ ಹರಿದರೂ ಆ 0.02 ಓಮಿನಲ್ಲಿ 450 ವ್ಯಾಟ್ ಶಾಖ ಹುಟ್ಟುತ್ತದೆ. ಕೆಟ್ಟ ಜೋಡಣೆ ತನ್ನ ವಿಳಾಸವನ್ನು ತಾನೇ ಹೇಳುತ್ತದೆ.

ಬ್ಯಾಟರಿಯ ಬಗ್ಗೆ ಒಂದೆರಡು ಅಂಕಿಗಳನ್ನು ನೆನಪಿಟ್ಟರೆ ಸಾಕು. ಪೂರ್ತಿ ತುಂಬಿದ, ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದರೆ ಅರ್ಧ ಖಾಲಿಯೆಂದೇ ತಿಳಿಯಿರಿ. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆ ವೋಲ್ಟಿಗಿಂತ ಕೆಳಗೆ ಕುಸಿಯಬಾರದು. ಬಿಚ್ಚುವಾಗ ಋಣ ತುದಿಯನ್ನೇ ಮೊದಲು ಬಿಚ್ಚಬೇಕು. ಕಾರಣ ಸರಳ: ಗಾಡಿಯ ಮೈಯೆಲ್ಲ ಋಣ. ಧನ ತುದಿ ಬಿಚ್ಚುವಾಗ ಸ್ಪ್ಯಾನರು ಮೈಗೆ ತಾಗಿದರೆ ನೇರ ಶಾರ್ಟ್. ಋಣ ಮೊದಲೇ ಬಿಚ್ಚಿದ್ದರೆ ತಾಗಿದರೂ ಏನೂ ಆಗದು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ, ಹತ್ತಿರ ಬೆಂಕಿಕಡ್ಡಿ ಗೀರುವುದು ಬೇಡವೆಂದು ರಸಾಯನಶಾಸ್ತ್ರ ಓದಿದ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಎರಡನೆಯ ದಾರಿ. ಎಂಜಿನ್ ಹುರುಪಿನಿಂದ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ. ಆಗ ಸೈಲೆನ್ಸರಿನ ಬಾಯಿಯ ಕಡೆ ನೋಡಬೇಕು. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರನ್ನು ಮುಟ್ಟುತ್ತಿದೆ, ಉರಿಯುತ್ತಿಲ್ಲ. ಅಂದರೆ ಬಿಸಿ ಸಾಲದು: ಗ್ಲೋ ಪ್ಲಗ್ ಸತ್ತಿರಬಹುದು, ರಿಂಗು ಅಥವಾ ಕವಾಟ ಸೋರುತ್ತಿರಬಹುದು, ಇಲ್ಲವೇ ಪಂಪಿನ ಟೈಮಿಂಗ್ ತಪ್ಪಿರಬಹುದು. ಹೊಗೆಯ ಎಳೆಯೂ ಇಲ್ಲದಿದ್ದರೆ ಡೀಸೆಲ್ಲೇ ತಲುಪುತ್ತಿಲ್ಲ. ಆಗ ಟ್ಯಾಂಕಿನಿಂದ ಹಿಡಿದು ಫಿಲ್ಟರು, ಪಂಪು, ನಾಝಲ್ ಎಂದು ಡೀಸೆಲ್ ಹರಿಯುವ ದಾರಿಯಲ್ಲೇ ನಡೆಯುತ್ತಾ ಹೋಗಿ.

ಈ ದಾರಿಯ ದೊಡ್ಡ ಶತ್ರು ಗಾಳಿ. ದ್ರವವನ್ನು ಒತ್ತಿದರೆ ಅದು ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಒತ್ತಡ ನೇರವಾಗಿ ನಾಝಲಿಗೆ ಮುಟ್ಟುತ್ತದೆ. ಕೊಳವೆಯಲ್ಲಿ ಗಾಳಿಗುಳ್ಳೆ ಸೇರಿದರೆ ಪಂಪಿನ ಶ್ರಮವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಗ್ಯಾರೇಜಿನವರು ಇದನ್ನು 'ಏರ್ ಲಾಕ್' ಎನ್ನುತ್ತಾರೆ. ಕೈಪಂಪು ಒತ್ತುತ್ತಾ, ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ನೊರೆ ನಿಂತು ಶುದ್ಧ ಡೀಸೆಲ್ ಬರುವವರೆಗೆ ಗಾಳಿ ಬಿಡಿಸಿದರೆ ಗಾಡಿ ಹೊರಡುತ್ತದೆ. ಆದರೆ ಮಾರನೆಯ ದಿನ ಮತ್ತೆ ನಿಂತರೆ? ಗಾಳಿ ಎಲ್ಲಿಂದಲೋ ಬರುತ್ತಿದೆ. ವಿಚಿತ್ರವೆಂದರೆ, ಹೊರಗೆ ಒಂದು ಹನಿ ಡೀಸೆಲ್ಲೂ ಸೋರಿರುವುದಿಲ್ಲ. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ ಬರುವುದು ಹೀರುವಿಕೆಯಿಂದ. ಅಲ್ಲಿ ಒತ್ತಡ ಹೊರಗಿನ ವಾಯುವಿಗಿಂತ ಕಡಿಮೆ. ಬಿರುಕಿನಿಂದ ಡೀಸೆಲ್ ಹೊರಗೆ ಬರುವ ಬದಲು ಗಾಳಿಯೇ ಒಳಗೆ ಹೋಗುತ್ತದೆ. ಒಂದು ತುಂಡು ಪಾರದರ್ಶಕ ಕೊಳವೆಯನ್ನು ನಡುವೆ ಜೋಡಿಸಿ ನೋಡಿದರೆ ಗುಳ್ಳೆಗಳು ಮೆರವಣಿಗೆ ಹೊರಟಿರುವುದು ಕಾಣುತ್ತದೆ. ನೀರೂ ಇಂಥದೇ ಉಪದ್ರವಿ. ನೀರು ಡೀಸೆಲ್ಲಿಗಿಂತ ಭಾರ. ಫಿಲ್ಟರಿನ ತಳಕ್ಕಿಳಿದು ನಿಲ್ಲುತ್ತದೆ. ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಕೀಲೆಣ್ಣೆಯಾದ್ದರಿಂದ ನೀರು ಹೊಕ್ಕರೆ ಸವೆತ, ತುಕ್ಕು ಎರಡೂ ಶುರು. ತಳದ ತಿರುಪು ಬಿಚ್ಚಿ ಆಗಾಗ ನೀರು ಬಸಿಯುವುದು ಐದು ನಿಮಿಷದ ಕೆಲಸ.

ಇನ್ನೊಂದು ಮೋಸದ ಲಕ್ಷಣ ಹೇಳಬೇಕು. ಹಳೆಯ ಮಾದರಿಯ ಎಂಜಿನ್ ಒಮ್ಮೆ ಚಾಲೂ ಆದ ಮೇಲೆ ವಿದ್ಯುತ್ತಿನ ಹಂಗಿಲ್ಲದೆ ಓಡುತ್ತದೆ ಎಂದು ಕೇಳಿರುತ್ತೀರಿ. ಬಹುಮಟ್ಟಿಗೆ ನಿಜ. ಆದರೆ ಅನೇಕ ಪಂಪುಗಳ ಮೇಲೆ ಡೀಸೆಲ್ ದಾರಿಯನ್ನು ತೆರೆಯುವ ಒಂದು ವಿದ್ಯುತ್ ಕವಾಟ ಇರುತ್ತದೆ. ಕೀಲಿ ಹಾಕಿದೊಡನೆ ಅದು ಸಣ್ಣಗೆ 'ಟಿಕ್' ಎನ್ನಬೇಕು. ಅದಕ್ಕೆ ಹೋಗುವ ಒಂದು ಫ್ಯೂಸು ಸುಟ್ಟರೆ ಒಳ್ಳೆಯ ಎಂಜಿನ್, ಒಳ್ಳೆಯ ಪಂಪು, ತುಂಬಿದ ಟ್ಯಾಂಕು ಎಲ್ಲವೂ ಇದ್ದು ಗಾಡಿ ಕಲ್ಲಿನಂತೆ ನಿಲ್ಲುತ್ತದೆ. ಎಂಜಿನ್ ಮೆಕ್ಯಾನಿಕ್ 'ಇದು ಎಲೆಕ್ಟ್ರಿಕಲ್' ಎನ್ನುತ್ತಾನೆ, ಎಲೆಕ್ಟ್ರೀಷಿಯನ್ 'ಇದು ಪಂಪು' ಎನ್ನುತ್ತಾನೆ. ಮಾಲೀಕ ಇಬ್ಬರ ನಡುವೆ ಓಡಾಡುತ್ತಾನೆ. ಆ 'ಟಿಕ್' ಸದ್ದನ್ನು ಕಿವಿಗೊಟ್ಟು ಕೇಳಿದ್ದರೆ ಜಗಳವೇ ಇರುತ್ತಿರಲಿಲ್ಲ.

ಓಡುತ್ತಿರುವ ಎಂಜಿನ್ನಿನ ಹೊಗೆಗೂ ಭಾಷೆಯಿದೆ. ಕಪ್ಪು ಹೊಗೆ ಎಂದರೆ ಗಾಳಿಗೆ ಹೋಲಿಸಿದರೆ ಡೀಸೆಲ್ ಹೆಚ್ಚು. ನಾಝಲ್ ಕೆಟ್ಟಿದೆ ಎಂದು ಓಡುವ ಮುನ್ನ ಏರ್ ಫಿಲ್ಟರ್ ತೆಗೆದು ನೋಡಿ. ಮಣ್ಣುರಸ್ತೆಯಲ್ಲಿ ಓಡಾಡುವ ಗಾಡಿಯಲ್ಲಿ ಅದು ಕೆಮ್ಮಣ್ಣಿನ ಮುದ್ದೆಯಾಗಿರಬಹುದು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಜೊತೆಗೆ ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುವುದು, ಇವೆರಡೂ ಸೇರಿದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಆದರೆ ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆಗೆಯಬೇಡಿ. ಒತ್ತಡದಿಂದಾಗಿ ಅಲ್ಲಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಇಳಿದು ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ನಾಲ್ಕು ಸಿಲಿಂಡರುಗಳಲ್ಲಿ ಒಂದು ಸೋಮಾರಿಯಾಗಿ, ಗಾಡಿ ನಡುಗುತ್ತಾ ಓಡುವುದುಂಟು. ಹಳೆಯ ಯಾಂತ್ರಿಕ ಪಂಪಿನ ಎಂಜಿನ್ನುಗಳಲ್ಲಿ ನುರಿತವರು ನಾಝಲ್ ಕೊಳವೆಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಯಾವ ಸಿಲಿಂಡರನ್ನು ಹೀಗೆ ನಿಲ್ಲಿಸಿದರೂ ಎಂಜಿನ್ನಿನ ಸದ್ದು ಬದಲಾಗದೋ ಅದೇ ಕೆಲಸ ಮಾಡದ ಸಿಲಿಂಡರು. ತರ್ಕ ಸೊಗಸಾಗಿದೆ. ಆ ಕಾಲದ ಪಂಪು, ನಾಝಲುಗಳಿಗೆ ನಮ್ಮ ಬೆಂಗಳೂರು ಹೆಸರುವಾಸಿ. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಜನರ ಬಾಯಲ್ಲಿ 'ಮೈಕೊ' ಆಯಿತು. ಆಡುಗೋಡಿಯ ಅದರ ಕಾರ್ಖಾನೆಯಲ್ಲಿ ತಯಾರಾದ ಪಂಪುಗಳು ದೇಶದ ಲಾರಿ, ಟ್ರ್ಯಾಕ್ಟರುಗಳಲ್ಲಿ ಕೂತವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು.

ಆದರೆ ಇಂದಿನ ಪಿಕಪ್‌ಗಳಲ್ಲಿ ಇರುವುದು 'ಕಾಮನ್ ರೈಲ್' ಪದ್ಧತಿ. 1997ರಲ್ಲಿ ಕಾರುಗಳಿಗೆ ಬಂದ ಈ ಪದ್ಧತಿಯಲ್ಲಿ ಎಲ್ಲ ನಾಝಲುಗಳಿಗೂ ಒಂದೇ ದಪ್ಪ ಕೊಳವೆಯಿಂದ ಡೀಸೆಲ್ ಹೋಗುತ್ತದೆ. ಒತ್ತಡ 1,600 ಬಾರ್ ಅಥವಾ ಅದಕ್ಕೂ ಹೆಚ್ಚು. ಒಂದು ಚದರ ಸೆಂಟಿಮೀಟರ್, ಅಂದರೆ ನಿಮ್ಮ ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದೂವರೆ ಟನ್ನಿಗಿಂತ ಹೆಚ್ಚು ಭಾರ! ಇಲ್ಲಿ ಎಂಜಿನ್ ಓಡುವಾಗ ನಟ್ಟು ಸಡಿಲಿಸುವ ಹಳೆಯ ಪರೀಕ್ಷೆ ಮಾಡಲೇಬಾರದು. ಸೋರಿಕೆ ಹುಡುಕಲು ಬೆರಳು ಆಡಿಸಲೂ ಬಾರದು. ರಟ್ಟಿನ ತುಂಡು ಹಿಡಿದು ನೋಡಬೇಕು. ಈ ಒತ್ತಡದ ಡೀಸೆಲ್ ಚರ್ಮವನ್ನು ಕೊರೆದು ಒಳಹೊಕ್ಕರೆ ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಮೊದಲು ನೋವೂ ಅಷ್ಟಾಗಿ ಇರದು. ಆದರೆ ಒಳಗೆ ಮಾಂಸ ಸಾಯತೊಡಗುತ್ತದೆ. ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ. ಅರಿಶಿನ ಹಚ್ಚಿಕೊಂಡು ಕೆಲಸ ಮುಂದುವರಿಸದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಏನಾಯಿತೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ತಮ್ಮನೋ ಅಣ್ಣನೋ ನಿಮ್ಮ ಮನೆಯಲ್ಲಿದ್ದರೆ ಇದೊಂದನ್ನು ಇವತ್ತೇ ಹೇಳಿ.

ಈ ಹೊಸ ಎಂಜಿನ್ನುಗಳಿಗೆ ಕಂಪ್ಯೂಟರ್ ಇದೆ, ಸ್ಕ್ಯಾನರ್ ಜೋಡಿಸಿದರೆ ದೋಷದ ಸಂಕೇತ ತೋರಿಸುತ್ತದೆ. ಹಾಗಾದರೆ ಹುಡುಕುವ ಕೆಲಸ ಮುಗಿಯಿತೇ? ಇಲ್ಲ. 'ರೈಲ್ ಒತ್ತಡ ಕಡಿಮೆ' ಎಂದು ಸಂಕೇತ ಬಂದರೆ ಅದು ಜ್ವರದ ಅಂಕಿ ಇದ್ದಂತೆ, ಕಾಯಿಲೆಯ ಹೆಸರಲ್ಲ. ಒತ್ತಡ ಅಳೆಯುವ ಸೆನ್ಸರು ಕೆಟ್ಟಿರಬಹುದು, ಪಂಪು ಸವೆದಿರಬಹುದು, ಒಂದು ಇಂಜೆಕ್ಟರ್ ಡೀಸೆಲನ್ನು ವಾಪಸ್ ಕೊಳವೆಗೆ ಸುರಿಯುತ್ತಿರಬಹುದು, ಅಥವಾ ನೂರಾರು ರೂಪಾಯಿಯ ಫಿಲ್ಟರು ಕಟ್ಟಿಕೊಂಡಿರಬಹುದು. ಸಂಕೇತ ನೋಡಿದೊಡನೆ ದುಬಾರಿ ಪಂಪು ಬದಲಾಯಿಸುವವರು ಮೆಕ್ಯಾನಿಕ್ಕುಗಳಲ್ಲ, ಬರೀ ಓದುಗರು. ಬಲ್ಲವರು ಮೊದಲು ಫಿಲ್ಟರು ನೋಡುತ್ತಾರೆ. ಆಮೇಲೆ ಪ್ರತಿ ಇಂಜೆಕ್ಟರಿನ ವಾಪಸ್ ಕೊಳವೆಗೂ ಒಂದೇ ಅಳತೆಯ ಸಣ್ಣ ಬಾಟಲಿ ಕಟ್ಟಿ, ಎಂಜಿನ್ ಓಡಿಸಿ, ಯಾವ ಬಾಟಲಿ ಬೇಗ ತುಂಬುತ್ತದೆಂದು ಕಾಯುತ್ತಾರೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಗಾಡಿಗಳಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರೂ ಇರುವುದರಿಂದ ಕಪ್ಪು ಹೊಗೆಯ ಲಕ್ಷಣ ಹೊರಗೆ ಕಾಣುವುದೇ ಇಲ್ಲ. ಊರೊಳಗೆ ಬರೀ ಗಿಡ್ಡ ಗಿಡ್ಡ ಓಡಾಟ ಮಾಡುವ ಗಾಡಿಯಲ್ಲಿ ಆ ಮಸಿ ಸುಟ್ಟುಹೋಗುವಷ್ಟು ಬಿಸಿಯೇ ಹುಟ್ಟದೆ ಫಿಲ್ಟರು ಕಟ್ಟಿಕೊಳ್ಳುತ್ತದೆ.

ಚಾರ್ಜಿಂಗ್ ವಿಚಾರಕ್ಕೆ ಬರೋಣ. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ 'ಡೈನಮೋ' ಎಂದೇ ಕರೆಯುವ ಯಂತ್ರ ನಿಜವಾಗಿ ಆಲ್ಟರ್ನೇಟರ್. ಅದು ಹುಟ್ಟಿಸುವ ಪರ್ಯಾಯ ಪ್ರವಾಹವನ್ನು ಡಯೋಡುಗಳು ನೇರ ಪ್ರವಾಹ ಮಾಡುತ್ತವೆ. ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. 12.4ರಲ್ಲೇ ನಿಂತರೆ ಚಾರ್ಜಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬಲ್ಬುಗಳು ಸುಡುತ್ತವೆ. ಓಡುವ ಎಂಜಿನ್ನಿನ ಬ್ಯಾಟರಿ ತಂತಿ ಕಿತ್ತು 'ಡೈನಮೋ' ಪರೀಕ್ಷಿಸುವ ಹಳೆಯ ರೂಢಿ ಇನ್ನೂ ಇದೆ. ಅದನ್ನು ಬಿಟ್ಟುಬಿಡುವುದು ಒಳ್ಳೆಯದು. ಬ್ಯಾಟರಿ ಇಲ್ಲದಾಗ ಏಳುವ ವೋಲ್ಟೇಜಿನ ಹೊಡೆತಕ್ಕೆ ಡಯೋಡುಗಳೂ ಕಂಪ್ಯೂಟರೂ ಸುಡಬಹುದು. ಇನ್ನೊಂದು ಮಾತು: ಕೆಲವು ಗಾಡಿಗಳಲ್ಲಿ ಬ್ರೇಕಿಗೆ ಬೇಕಾದ ನಿರ್ವಾತ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಬೆಲ್ಟು ತುಂಡಾದರೆ ಚಾರ್ಜ್ ದೀಪ ಹೊತ್ತುತ್ತದೆ, ಬ್ರೇಕ್ ಗಟ್ಟಿಯಾಗುತ್ತದೆ, ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತಿದ್ದರೆ ಎಂಜಿನ್ ಕಾಯುತ್ತದೆ. ಮೂರು ದೂರು, ಮೂಲ ಒಂದೇ.

ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಖಾಲಿಯಾಗುವುದಾದರೆ, ಎಲ್ಲ ಸ್ವಿಚ್ಚುಗಳನ್ನು ಆರಿಸಿ ಋಣ ತಂತಿಯ ನಡುವೆ ಆಂಪಿಯರ್ ಮೀಟರ್ ಜೋಡಿಸಿ. ಇದು ಜೋಡಿಸಿರುವಾಗ ಸೆಲ್ಫ್ ಹೊಡೆಯಬೇಡಿ, ಮೀಟರು ಸುಡುತ್ತದೆ. ಸುಮಾರು 0.05 ಆಂಪಿಯರ್ ತನಕ ಸಹಜ. ಕ್ಯಾಬಿನ್ನಿನ ಒಂದು 5 ವ್ಯಾಟ್ ಬಲ್ಬು ಉರಿಯುತ್ತಿದ್ದರೆ 0.4 ಆಂಪಿಯರ್ ದಾಟುತ್ತದೆ. ಎರಡು ದಿನ ನಿಂತರೆ 20 ಆಂಪಿಯರ್-ಗಂಟೆ, ಅಂದರೆ 60ರ ಬ್ಯಾಟರಿಯ ಮೂರನೇ ಒಂದು ಪಾಲು ಹೋಯಿತು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಮೀಟರು ಇಳಿಯುತ್ತದೋ ಕಳ್ಳ ಆ ದಾರಿಯಲ್ಲಿದ್ದಾನೆ. ಎಲ್ಲ ಕಿತ್ತರೂ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡು ಸೋರುತ್ತಿರಬಹುದು. ಅದರ ದಪ್ಪ ತಂತಿ ಈ ಸಣ್ಣ ಫ್ಯೂಸುಗಳ ಮೂಲಕ ಹೋಗುವುದಿಲ್ಲ.

ಕೊನೆಯಲ್ಲಿ ನಿಮಗೊಂದು ಸಮಸ್ಯೆ. ಒಂದು ಪಿಕಪ್ ಬೆಳಿಗ್ಗೆ ಚೆನ್ನಾಗಿ ಚಾಲೂ ಆಗುತ್ತದೆ. ಇಪ್ಪತ್ತು ನಿಮಿಷ ಓಡಿದ ಮೇಲೆ ಎಳೆತ ಕುಗ್ಗಿ ನಿಂತುಬಿಡುತ್ತದೆ. ಸೆಲ್ಫ್ ಜೋರಾಗಿ ತಿರುಗುತ್ತದೆ, ಹೊಗೆ ಇಲ್ಲ. ಕಾಲು ಗಂಟೆ ಸುಮ್ಮನೆ ಬಿಟ್ಟರೆ ತಾನಾಗಿ ಚಾಲೂ ಆಗಿ ಮತ್ತೆ ಇಪ್ಪತ್ತು ನಿಮಿಷ ಓಡುತ್ತದೆ. ಫಿಲ್ಟರು ಹೊಸದು, ಕೊಳವೆಯಲ್ಲಿ ಗುಳ್ಳೆಯಿಲ್ಲ, ಫ್ಯೂಸು ಸರಿಯಿದೆ. ಗಾಡಿ ನಿಂತ ಕೂಡಲೇ ಚಾಲಕ ಡೀಸೆಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿದ. 'ಸುಂಯ್' ಎಂದು ಗಾಳಿ ಒಳಕ್ಕೆ ನುಗ್ಗಿತು, ಗಾಡಿ ಆಗಲೇ ಹೊರಟಿತು. ಮುಚ್ಚಳದಲ್ಲಿ ಇರಬೇಕಾಗಿದ್ದ ಏನು, ಏಕೆ ಮುಚ್ಚಿಕೊಂಡಿತ್ತು? ಬಾಟಲಿಯಿಂದ ಸ್ಟ್ರಾದಲ್ಲಿ ಎಳನೀರು ಹೀರುವಾಗ ಬಾಟಲಿಯ ಬಾಯಿಯನ್ನು ತುಟಿಯಿಂದ ಪೂರ್ತಿ ಮುಚ್ಚಿ ನೋಡಿ, ಉತ್ತರ ಸಿಗುತ್ತದೆ.